ಮಿನಿಯಾಪೊಲಿಸ್‌ನ ಹಿತ್ತಲಿಗೆ ವಸಂತದ ಹೂಗಿಡ: ನಾನು ಆರಿಸುವ ಬಗೆ

ನರ್ಸರಿಯಲ್ಲಿ ಗಿಡ ಕೈಗೆತ್ತಿಕೊಂಡ ಕೂಡಲೇ ಎಲ್ಲರೂ ಚೀಟಿ ತಿರುಗಿಸಿ ವಲಯದ ಅಂಕಿ ನೋಡುತ್ತೇವೆ. ಗಿಡ ಎಷ್ಟು ಚಳಿ ತಾಳುತ್ತದೆಂದು ಹೇಳುವ ಅಂಕಿ ಅದು; ಅಂಕಿ ಕಡಿಮೆಯಾದಷ್ಟೂ ಚಳಿ ಹೆಚ್ಚು. ನೋಡಲೇಬೇಕು, ಆದರೆ ಅಷ್ಟಕ್ಕೇ ನಿಂತರೆ ಸಾಲದು. ಮಿನೆಸೋಟಾದ ಜೇಡಿಮಣ್ಣಿನಲ್ಲಿ ವರ್ಷವರ್ಷ ಮರಳಿ ಚಿಗುರಬೇಕಾದ ಗಿಡಗಳನ್ನು ಜನವರಿಯ ಕೊರೆತಕ್ಕಿಂತ ಹೆಚ್ಚಾಗಿ ಕೊಲ್ಲುವುದು ಎರಡು: ನವೆಂಬರ್‌ನಲ್ಲಿ ಬುಡದಲ್ಲಿ ನಿಂತ ನೀರು, ಮಾರ್ಚ್‌ನಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಮಣ್ಣು. ಹಾಗಾಗಿ ನಾನು ಮೊದಲು ಜಾಗ ಪರೀಕ್ಷಿಸುತ್ತೇನೆ, ಆಮೇಲೆ ಗಿಡ ಹುಡುಕುತ್ತೇನೆ.

ಅಂಕಿಯ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಅಮೆರಿಕದ ಕೃಷಿ ಇಲಾಖೆಯ 2012ರ ನಕ್ಷೆಯಲ್ಲಿ 4ಬಿ ವಲಯದಲ್ಲಿದ್ದ ನಗರದ ಬಹುಭಾಗ 2023ರ ನಕ್ಷೆಯಲ್ಲಿ 5ಎ ಆಗಿದೆ. 5ಎ ಎಂದರೆ ಮೈನಸ್ 20ರಿಂದ ಮೈನಸ್ 15 ಡಿಗ್ರಿ ಫ್ಯಾರನ್‌ಹೀಟ್. ಇದು ಪ್ರತಿ ಚಳಿಗಾಲದ ಅತಿ ಕಡಿಮೆ ಉಷ್ಣತೆಯ 30 ವರ್ಷಗಳ ಸರಾಸರಿ. ಸರಾಸರಿ ಅಂದಮೇಲೆ ಅದಕ್ಕಿಂತ ಕೆಳಗಿಳಿಯುವ ವರ್ಷ ಇದ್ದೇ ಇರುತ್ತದೆ. 2019ರ ಜನವರಿ 30ರಂದು ಇಲ್ಲಿನ ವಿಮಾನ ನಿಲ್ದಾಣದಲ್ಲಿ ಮೈನಸ್ 28 ದಾಖಲಾಯಿತು. ಅದು 4ಎ ವಲಯದ ಚಳಿ. ಆದ್ದರಿಂದ ನಕ್ಷೆ ಏನೇ ಹೇಳಲಿ, ಚೀಟಿಯಲ್ಲಿ 4 ಅಥವಾ 3 ಎಂದಿದ್ದರೆ ಮಾತ್ರ ನಾನು ಕೊಳ್ಳುವುದು. ಕುಂಡದಲ್ಲೇ ಚಳಿಗಾಲ ಕಳೆಯಬೇಕಾದ ಗಿಡಕ್ಕೆ ಇನ್ನೂ ಎರಡು ವಲಯ ಕಳೆದು ಲೆಕ್ಕ ಹಾಕಬೇಕು, ಏಕೆಂದರೆ ಕುಂಡದ ಬೇರಿಗೆ ನಾಲ್ಕೂ ಕಡೆಯಿಂದ ಚಳಿ ತಾಗುತ್ತದೆ. ಅದರ ಬದಲು ಅಕ್ಟೋಬರ್‌ನಲ್ಲಿ ಕುಂಡವನ್ನೇ ಅಂಚಿನವರೆಗೆ ನೆಲದಲ್ಲಿ ಹೂಳುವುದು ವಾಸಿ. ಫೆಬ್ರವರಿಯಲ್ಲಿ ದಿನಸಿ ಅಂಗಡಿಯ ಬಾಗಿಲಲ್ಲಿ ಮಾರುವ ಬಣ್ಣಬಣ್ಣದ ಪ್ರಿಮ್‌ರೋಸ್‌ನಂಥವಕ್ಕೆ ಚೀಟಿಯಲ್ಲಿ ಅಂಕಿಯೇ ಇರುವುದಿಲ್ಲ. ಅವು ಕಿಟಕಿಗೆ ಸರಿ, ಹಿತ್ತಲಿಗಲ್ಲ.

ಈಗ ಜಾಗದ ಪರೀಕ್ಷೆ. 12 ಇಂಚು ಆಳ, ಅಷ್ಟೇ ಅಗಲದ ಗುಂಡಿ ತೋಡಿ ನೀರು ತುಂಬಿಸಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಅಡ್ಡಲಾಗಿ ಕೋಲಿಟ್ಟು, ಗಂಟೆಗೆ ನೀರು ಎಷ್ಟು ಇಳಿಯುತ್ತದೆಂದು ಅಳೆಯಿರಿ. 1ರಿಂದ 3 ಇಂಚು ಇಳಿದರೆ ಹೆಚ್ಚಿನ ಗಿಡಗಳಿಗೆ ಸಾಕು. ಒಂದು ಇಂಚೂ ಇಳಿಯದಿದ್ದರೆ ಪಾತಿಯನ್ನು 8 ಇಂಚು ಏರಿಸಬೇಕು. ಮೇಲಿನ 8–10 ಇಂಚು ಮಣ್ಣಿಗೆ 2–3 ಇಂಚು ಕಾಂಪೋಸ್ಟ್ ಹರಡಿ ಗುದ್ದಲಿಯಲ್ಲಿ ಬೆರೆಸಿದರೆ ಪಾತಿ ತಾನಾಗಿ ಮೇಲೇಳುತ್ತದೆ, ಉಳಿದದ್ದಕ್ಕೆ ಮೇಲ್ಮಣ್ಣು ತರಿಸಿದರಾಯಿತು. ಜೇಡಿಗೆ ನಾಲ್ಕು ಚೀಲ ಮರಳು ಸುರಿದು ಸಡಿಲ ಮಾಡಲು ಹೋಗಬೇಡಿ. ಒಣಗಿದಾಗ ಅದು ಇಟ್ಟಿಗೆಯಾಗುತ್ತದೆ. ಗುಂಡಿಯ ತಳಕ್ಕೆ ಜಲ್ಲಿ ಹಾಕುವುದೂ ತಪ್ಪು. ಮೇಲಿನ ಮಣ್ಣು ನೆನೆದು ತೊಪ್ಪೆಯಾಗುವವರೆಗೂ ನೀರು ಜಲ್ಲಿಗೆ ಇಳಿಯುವುದೇ ಇಲ್ಲ, ಬೇರು ಆ ಒದ್ದೆಯಲ್ಲೇ ಕೂರುತ್ತದೆ.

ಬೇಗ ಬಸಿಯುವ, ಬಿಸಿಲು ಬೀಳುವ ಏರುಜಾಗಕ್ಕೆ ನನ್ನ ಮೊದಲ ಆಯ್ಕೆ ಪಾಸ್ಕ್ ಫ್ಲವರ್. ಇಲ್ಲಿನ ಹುಲ್ಲುಗಾವಲಿನದೇ ಗಿಡ. ಏಪ್ರಿಲ್‌ನಲ್ಲಿ, ಹುಲ್ಲು ಇನ್ನೂ ಒಣಗಿಯೇ ಇರುವಾಗ ನೇರಳೆ ಹೂವು ಬಿಡುತ್ತದೆ. ಮೊಗ್ಗು, ತೊಟ್ಟು, ಎಲೆಗಳ ಮೇಲೆಲ್ಲ ಬೆಳ್ಳಿಬಣ್ಣದ ರೋಮ. ಬೆಳಗಿನ ಇಬ್ಬನಿ ಹೆಪ್ಪುಗಟ್ಟಿದಾಗ ಹರಳು ಆ ರೋಮದ ತುದಿಗಳಲ್ಲೇ ನಿಂತಿರುತ್ತದೆ. ಆಳಕ್ಕಿಳಿಯುವ ತಾಯಿಬೇರು ಇರುವುದರಿಂದ ಒಮ್ಮೆ ನೆಟ್ಟ ಮೇಲೆ ಕೀಳಬಾರದು, ಹಾಗಾಗಿ ದೊಡ್ಡ ಕುಂಡದ ಗಿಡಕ್ಕಿಂತ ಎಳೆಯ ಸಸಿ ಮೇಲು. ಇದಕ್ಕೆ ನಾನು ಬೇರೆಯೇ ದಿಬ್ಬ ಕಟ್ಟುತ್ತೇನೆ: 10 ಇಂಚು ಎತ್ತರ, ಅರ್ಧಕ್ಕಿಂತ ಹೆಚ್ಚು ದಪ್ಪ ಮರಳು ಮತ್ತು ಸಣ್ಣ ಜಲ್ಲಿ, ಉಳಿದದ್ದು ಮಣ್ಣು. ಮರಳು ಹೀಗೆ ಮೇಲುಗೈಯಾದರೆ ಮಾತ್ರ ಪ್ರಯೋಜನ. ಗಿಡದ ಬುಡದ ಸುತ್ತ ಮರದ ತೊಗಟೆಯ ಬದಲು ಜಲ್ಲಿಯನ್ನೇ ಹೊದಿಸಿ, ತೊಗಟೆ ಒದ್ದೆ ಹಿಡಿದು ಬುಡ ಕೊಳೆಸುತ್ತದೆ. ರಸ ತಾಗಿದರೆ ಚರ್ಮ ಉರಿಯುತ್ತದೆ, ಕೈಗವಸು ಹಾಕಿಕೊಂಡೇ ಮುಟ್ಟಿ. ಅದೇ ದಿಬ್ಬದ ಅಂಚಿಗೆ ಕ್ರೀಪಿಂಗ್ ಫ್ಲಾಕ್ಸ್, 18 ಇಂಚಿಗೊಂದು. ಮೇ ತಿಂಗಳಲ್ಲಿ ಎಲೆ ಕಾಣದಷ್ಟು ಹೂವು.

ಅರೆನೆರಳಿಗೆ ಬರ್ಜೀನಿಯಾ. ಇದರ ಹಿಮಾಲಯದ ಬಂಧು ಬರ್ಜೀನಿಯಾ ಸಿಲಿಯಾಟಾ ಆಯುರ್ವೇದದಲ್ಲಿ ಪಾಷಾಣಭೇದವೆಂದು ಬಳಕೆಯಲ್ಲಿರುವ ಗಿಡ. ಹೆಸರಿನ ಮಮತೆಗೆ ಅದನ್ನೇ ತಂದು ನೆಟ್ಟರೆ ಇಲ್ಲಿ ಬಾಳುವುದು ಕಷ್ಟ. ಬೇಕಾದದ್ದು ಸೈಬೀರಿಯಾ ಮೂಲದ ಕಾರ್ಡಿಫೋಲಿಯಾ ಅಥವಾ ಕ್ರಾಸಿಫೋಲಿಯಾ, ಎರಡೂ 3ನೇ ವಲಯ ತಾಳುತ್ತವೆ. ಎಲೆ ಚಳಿಗಾಲದಲ್ಲೂ ಉದುರದೆ ಕೆಂಪಾಗಿ ಹಿಮದಡಿ ಉಳಿಯುತ್ತದೆ. ಹಿಮ ಮುಚ್ಚದೆ ಒಣಗಾಳಿಗೆ ಸಿಕ್ಕ ಎಲೆ ಮಾತ್ರ ಕಂದು ತಿರುಗುತ್ತದೆ, ಏಪ್ರಿಲ್‌ನಲ್ಲಿ ಅಂಥವನ್ನು ಕತ್ತರಿಸಿ ತೆಗೆದರೆ ಸಾಕು. ಗೋಡೆಯ ಪೂರ್ವ ಮಗ್ಗುಲು, ಅಂದರೆ ಹಿಮ ಹಾರಿಹೋಗದೆ ಕೂರುವ ಕಡೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಇನ್ನೂ ನೆರಳು, ಇನ್ನೂ ತಂಪು ಇದ್ದರೆ ಬ್ರುನೆರಾ. ‘ಜ್ಯಾಕ್ ಫ್ರಾಸ್ಟ್’ ತಳಿಯ ಬೆಳ್ಳಿ ಎಲೆಗೆ ಮಧ್ಯಾಹ್ನದ ಬಿಸಿಲು ಬಿದ್ದರೆ ಅಂಚು ಸುಡುತ್ತದೆ. ಬ್ಲೀಡಿಂಗ್ ಹಾರ್ಟ್ ಜುಲೈ ಹೊತ್ತಿಗೆ ಹಳದಿಯಾಗಿ ನೆಲದೊಳಗೆ ಮಲಗುತ್ತದೆ. ಸತ್ತಿತೆಂದು ಅಗೆದು ಎಸೆಯುವವರು ಬಹಳ. ನೆಟ್ಟ ದಿನವೇ ಒಂದು ಕಡ್ಡಿ ಚುಚ್ಚಿ ಗುರುತಿಡಿ, ಖಾಲಿ ಕಾಣದಂತೆ ಮುಂದೆ ಹೋಸ್ಟಾ ನೆಡಿ. ನೀರು ನಿಲ್ಲುವ ತಗ್ಗು ತಪ್ಪಿಸಲಾಗದಿದ್ದರೆ ಸೈಬೀರಿಯನ್ ಐರಿಸ್ ಒಂದೇ ನನ್ನ ಪಟ್ಟಿಯಲ್ಲಿ ಉಳಿಯುವುದು.

ಪಿಯೊನಿಯ ವಿಷಯಕ್ಕೆ ಬಂದರೆ, ಹೂ ಬಿಡದ ಹತ್ತು ಗಿಡಗಳಲ್ಲಿ ಹೆಚ್ಚಿನವುಗಳ ತಪ್ಪು ನೆಟ್ಟ ಆಳದಲ್ಲೇ ಇರುತ್ತದೆ. ಸೆಪ್ಟೆಂಬರ್‌ನಲ್ಲಿ 3ರಿಂದ 5 ಕಣ್ಣಿರುವ ಗಡ್ಡೆ ತನ್ನಿ. ಕಣ್ಣೆಂದರೆ ಕಂದು ಗಡ್ಡೆಯ ನೆತ್ತಿಯಲ್ಲಿ ಕಿರುಬೆರಳ ತುದಿಯಷ್ಟಿರುವ ಗುಲಾಬಿ ಮೊಳಕೆ. ಗುಂಡಿ 18 ಇಂಚು ಅಗಲ. ನಡುವೆ ಮಣ್ಣಿನ ಗುಪ್ಪೆ ಮಾಡಿ ಗಡ್ಡೆ ಕೂರಿಸಿ, ಗುಂಡಿಯ ಅಂಚಿನಿಂದ ಅಂಚಿಗೆ ಕೋಲು ಅಡ್ಡ ಇಟ್ಟು ನೋಡಿ. ಕೋಲಿಗೂ ಕಣ್ಣಿಗೂ ನಡುವೆ ಎರಡು ಇಂಚಿಗಿಂತ ಹೆಚ್ಚಿರಬಾರದು. ಅರ್ಧ ಮಣ್ಣು ಮುಚ್ಚಿ ನೀರು ಬಿಟ್ಟು, ಮಣ್ಣು ಕುಸಿದ ಮೇಲೆ ಮತ್ತೆ ಅಳೆಯಬೇಕು, ಏಕೆಂದರೆ ಗಡ್ಡೆಯೂ ಜೊತೆಗೆ ಇಳಿದಿರುತ್ತದೆ. ಕಣ್ಣಿಗೆ ಚಳಿ ತಾಗಿದರೇ ಹೂವು. ಆಳಕ್ಕೆ ಹೋದರೆ ಬರೀ ಸೊಪ್ಪು. ಗಿಡದಿಂದ ಗಿಡಕ್ಕೆ 3 ಅಡಿ. ಎರಡು ಮೂರು ವರ್ಷ ಕಾಯಬೇಕು, ಮೊಗ್ಗಿನ ಮೇಲಿನ ಇರುವೆಗಳಿಗೆ ಏನೂ ಮಾಡಬೇಡಿ. ಆಮೇಲೆ ಅದು ನಿಮ್ಮ ಮಕ್ಕಳ ಕಾಲಕ್ಕೂ ಇರುತ್ತದೆ.

ಪಿಯೊನಿ ಬಿಟ್ಟು ಉಳಿದ ಗಿಡಗಳನ್ನು ನೆಡಲು ಮೇ ತಿಂಗಳೇ ಸರಿ. ತಪ್ಪಿದರೆ ಸೆಪ್ಟೆಂಬರ್ 15ರೊಳಗೆ ಮುಗಿಸಬೇಕು. ನೆಲ ಹೆಪ್ಪುಗಟ್ಟುವ ಮೊದಲು ಬೇರಿಗೆ ಆರು ವಾರವಾದರೂ ಬೇಕು. ಜುಲೈ ಕಳೆದ ಮೇಲೆ ಸಾರಜನಕದ ಗೊಬ್ಬರ ನಿಲ್ಲಿಸಿ, ಆಗ ಬರುವ ಎಳೆಚಿಗುರು ಗಟ್ಟಿಯಾಗುವ ಮೊದಲೇ ಚಳಿ ಬೀಳುತ್ತದೆ. ನೀರು ಮಾತ್ರ ಅಕ್ಟೋಬರ್ ಕೊನೆಯವರೆಗೂ ವಾರಕ್ಕೊಂದು ಇಂಚು. ಹಿಮ ಬಳಿಯುವಾಗ ಉಪ್ಪು ಬಿದ್ದ ಹಿಮವನ್ನು ಪಾತಿಯ ಮೇಲೆ ಸುರಿಯಬೇಡಿ.

ತಡವಾಗಿ ನೆಟ್ಟ ಗಿಡಕ್ಕೆ, ಹ್ಯೂಕೆರಾದಂಥ ಮೇಲುಬೇರಿನ ಗಿಡಕ್ಕೆ ಮಾರ್ಚ್‌ನಲ್ಲಿ ಆಗುವುದು ಹೀಗೆ: ಜೇಡಿಯೊಳಗಿನ ನೀರು ಪದರವಾಗಿ ಹೆಪ್ಪುಗಟ್ಟಿ ಬುಡವನ್ನು ಎತ್ತುತ್ತದೆ, ಬೇರು ಹರಿಯುತ್ತದೆ, ಕರಗಿದಾಗ ಮಣ್ಣು ಕೆಳಗಿಳಿದರೂ ಗಿಡ ಮೇಲೆಯೇ ಉಳಿದು ಗಾಳಿಗೆ ಒಣಗುತ್ತದೆ. ಅಂಥ ಗಿಡವನ್ನು ಕಾಲಲ್ಲಿ ಒತ್ತಬೇಡಿ. ಬೇರು ಮುಚ್ಚುವಂತೆ ಒಂದು ಬೊಗಸೆ ಕಾಂಪೋಸ್ಟ್ ಹಾಕಿ, ನೆಲ ಪೂರ್ತಿ ಕರಗಿದ ಮೇಲೆ ಎತ್ತಿ ಮರುನೆಡಿ. ಇದನ್ನು ತಡೆಯಲೆಂದೇ ಒಣಹುಲ್ಲಿನ ಹೊದಿಕೆ. ಅದು ಬೆಚ್ಚಗಿಡಲು ಎಂದುಕೊಂಡು ಅಕ್ಟೋಬರ್‌ನಲ್ಲೇ ಹಾಸಿದರೆ ಇಲಿ ಗೂಡು ಕಟ್ಟುತ್ತದೆ, ಬುಡ ಕೊಳೆಯುತ್ತದೆ. ಹೊದಿಕೆಯ ಕೆಲಸ ಹೆಪ್ಪುಗಟ್ಟಿದ ನೆಲ ಹಾಗೆಯೇ ಇರುವಂತೆ ನೋಡಿಕೊಳ್ಳುವುದು. ನವೆಂಬರ್‌ನಲ್ಲಿ ನೆಲಕ್ಕೆ ಸಲಿಕೆ ಇಳಿಯದಂತಾದ ಮೇಲೆ 4 ಇಂಚು ಹಾಸಿ. ರೋಗವಿಲ್ಲದ ಗಿಡಗಳ ಒಣಕಡ್ಡಿ ಕತ್ತರಿಸದೆ ಬಿಟ್ಟರೆ ಅವು ಹಿಮವನ್ನೂ ಹಿಡಿದು ನಿಲ್ಲಿಸುತ್ತವೆ. ಪಿಯೊನಿಯ ಕಡ್ಡಿಯನ್ನು ಮಾತ್ರ ಶರತ್ಕಾಲದಲ್ಲೇ ಬುಡಕ್ಕೆ ಕತ್ತರಿಸಿ ಹಿತ್ತಲಿನಿಂದ ಆಚೆ ಹಾಕಿ, ಬೂಷ್ಟು ರೋಗ ಅದರಲ್ಲೇ ಚಳಿಗಾಲ ಕಳೆಯುತ್ತದೆ.

ಏಪ್ರಿಲ್‌ನಲ್ಲಿ ಹುಲ್ಲನ್ನು ಎರಡು ಕಂತಿನಲ್ಲಿ, ಮೋಡ ಕವಿದ ದಿನ ನೋಡಿ ತೆಗೆಯಿರಿ; ಕತ್ತಲಲ್ಲಿ ಬೆಳ್ಳಗೆ ಬಂದ ಚಿಗುರು ಒಮ್ಮೆಗೇ ಬಿಸಿಲು ತಾಳದು. ತೆಗೆದ ಹುಲ್ಲು ಮೇ ಅರ್ಧದವರೆಗೆ ಪಕ್ಕದಲ್ಲೇ ಇರಲಿ. ಬ್ಲೀಡಿಂಗ್ ಹಾರ್ಟ್ ಚಿಗುರಿದ ಮೇಲೆ ಹಿಮಗಟ್ಟುವ ರಾತ್ರಿಯ ಸೂಚನೆ ಬಂದರೆ ನಾಲ್ಕು ಕೋಲು ನೆಟ್ಟು ಹಳೆಯ ಹತ್ತಿ ಸೀರೆಯನ್ನೋ ಪಂಚೆಯನ್ನೋ ನೆಲ ಮುಟ್ಟುವಂತೆ ಇಳಿಬಿಡಿ. ಪ್ಲಾಸ್ಟಿಕ್ ಬೇಡ, ಅದು ತಾಗಿದ ಎಲೆ ಕರಕಲಾಗುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲೇ ಬಟ್ಟೆ ತೆಗೆಯಿರಿ.