ದೊಡ್ಡಪ್ಪನ ರಿವಾಯತ ಪದ ಮತ್ತು ಹಾಡದೇ ಕೂತ 41 ಫೈಲು

ಮೊಹರಂಗೆ ಇನ್ನೂ ಇಪ್ಪತ್ತು ದಿನ ಇತ್ತು. ದೊಡ್ಡಪ್ಪನ ಮಗ ಒಂದು ಪೆನ್‌ಡ್ರೈವ್ ಹಿಡಿದುಕೊಂಡು ಅಂಗಡಿಗೆ ಬಂದ. ಲಿಂಗಸುಗೂರಿನಲ್ಲಿ ನನ್ನದು ಡಿಟಿಪಿ ಮತ್ತು ಕಂಪ್ಯೂಟರ್ ರಿಪೇರಿ ಅಂಗಡಿ.

"ಅಣ್ಣಾ, ಅಪ್ಪನ ಪದ ಒಂದೂ ಹತ್ತವಲ್ದು. ಒಂದು ಅಂಗಡ್ಯಾಗ ತೋರ್ಸಿದೆ, ಎಲ್ಲಾ ಕೆಟ್ಟಾವ ಅಂದ್ರು. ಫಾರ್ಮ್ಯಾಟ್ ಮಾಡಿ ಕೊಡ್ತೀವಿ ಅಂದ್ರು."

"ಮಾಡ್ಸಿಲ್ಲಲ್ಲ ತಮ್ಮಾ?"

"ಇಲ್ಲಣ್ಣಾ, ನಿನಗ ಒಮ್ಮೆ ತೋರ್ಸೂಣು ಅಂತ ಬಂದೆ."

ನನಗೆ ಜೀವ ಬಂದಂತಾಯಿತು. ದೊಡ್ಡಪ್ಪ ಮುದಗಲ್ಲಿನ ಕಡೆ ಮೊಹರಂ ಪದ ಹಾಡುವ ಒಂದು ರಿವಾಯತ ಮೇಳದಲ್ಲಿ ಹತ್ತಿರ ಹತ್ತಿರ ನಲವತ್ತು ವರ್ಷ ಮುಂದೆ ನಿಂತು ಹಾಡಿದವರು. ಕರ್ಬಲಾ ಯುದ್ಧದ ಕತೆ, ಹಸನ ಹುಸೇನರ ಕತೆ, ಎಲ್ಲ ಕನ್ನಡದಲ್ಲಿ. ಮೊಹರಂನ ಕತ್ತಲ ರಾತ್ರಿ ಅವರ ದನಿ ಏರಿದರೆ ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿಯ) ಸುತ್ತ ನಿಂತವರು ಗಪ್ ಆಗುತ್ತಿದ್ದರು. ಅವರು ತೀರಿಹೋಗಿ ಮೂರು ವರ್ಷ. ಪದಗಳನ್ನು ಅವರು ಎಲ್ಲೂ ಬರೆದಿಡಲಿಲ್ಲ. ಮೇಳದ ಹೊಸ ಹುಡುಗರು ಕಲಿಯಬೇಕೆಂದರೆ ಇರುವುದು ಈ ಪೆನ್‌ಡ್ರೈವ್ ಒಂದೇ.

ಮೊದಲು ಮಾಡಿದ್ದು ಒಂದೇ ಕೆಲಸ. ಪೆನ್‌ಡ್ರೈವಿನಲ್ಲಿ ಇದ್ದದ್ದನ್ನೆಲ್ಲ ನನ್ನ ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು ಪೆನ್‌ಡ್ರೈವನ್ನು ತೆಗೆದು ಡ್ರಾಯರಿಗೆ ಹಾಕಿದೆ. ಮುಂದಿನ ಪ್ರಯೋಗ ಎಲ್ಲ ಕಾಪಿಯ ಮೇಲೆ. ಆಮೇಲೆ ನನ್ನ ಬಳಿ ಇರುವ, ಚೆನ್ನಾಗಿ ಹಾಡುತ್ತದೆಂದು ಗೊತ್ತಿರುವ ಒಂದು ಎಂಪಿ3 ಹಾಕಿದೆ. ಇದು ಎಲ್ಲರಿಗೂ ಸಣ್ಣ ವಿಷಯ ಅನಿಸುತ್ತದೆ. ಆದರೆ ನನ್ನ ಅಂಗಡಿಗೆ "ಫೈಲ್ ಹಾಡ್ತಿಲ್ಲ" ಎಂದು ಬರುವ ಎಷ್ಟೋ ಮಂದಿಯ ಫೈಲಿಗೆ ಏನೂ ಆಗಿರುವುದಿಲ್ಲ. ಸದ್ದು ಎಚ್‌ಡಿಎಂಐ ವೈರಿನಲ್ಲಿ ಟಿವಿಗೆ ಹೋಗುತ್ತಿರುತ್ತದೆ. ಇಲ್ಲವೇ ಪಕ್ಕದ ಕೋಣೆಯ ಬ್ಲೂಟೂತ್ ಸ್ಪೀಕರಿಗೆ. ಗೊತ್ತಿರುವ ಫೈಲ್ ಹಾಡಿದರೆ ಕಂಪ್ಯೂಟರ್ ಸರಿ ಇದೆ ಎಂದು ಅರ್ಥ. ನನ್ನದು ಹಾಡಿತು.

ದೊಡ್ಡಪ್ಪನ ಒಂದು ಫೈಲನ್ನು ಒತ್ತಿದೆ. ವಿಂಡೋಸ್ ತನ್ನ ಮಾಮೂಲಿ ಸಂದೇಶ ಕೊಟ್ಟಿತು. ಅದನ್ನು ಪೂರ್ತಿ ಓದುವವರು ಕಡಿಮೆ. ಅದರಲ್ಲಿ ಮೂರು ಮಾತಿವೆ: ಈ ಬಗೆಯ ಫೈಲನ್ನು ನಡೆಸಲು ನನಗೆ ಬರದೇ ಇರಬಹುದು, ಫೈಲಿನ ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯ ಮೂರಕ್ಷರ) ತಪ್ಪಿರಬಹುದು, ಇಲ್ಲವೇ ಫೈಲ್ ಕೆಟ್ಟಿರಬಹುದು. ಕೆಟ್ಟಿರುವುದು ಮೂರನೆಯ ಮಾತು. ಜನ ಅದೊಂದನ್ನೇ ಹಿಡಿದುಕೊಳ್ಳುತ್ತಾರೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಪ್ಲೇಯರಿಗೆ ಓದಲು ಬಾರದ ಫೈಲನ್ನು ಸತ್ತಿದೆ ಎಂದು ಅಳಿಸಿಬಿಡುತ್ತಾರೆ. ಅದರ ಜೊತೆ ಒಬ್ಬರ ದನಿಯೂ ಹೋಗುತ್ತದೆ.

ಒಟ್ಟು 41 ಫೈಲು. ಆಮೇಲೆ ಹೇಳುವ ಎರಡನ್ನು ಬಿಟ್ಟು, ಅವುಗಳಲ್ಲಿ 28ರ ಹೆಸರಿನ ಕೊನೆಗೆ ಎಂಪಿ3 ಎಂದಿತ್ತು. ನನಗೆ ಅನುಮಾನ ಬಂದದ್ದು ಸೈಜ್ ನೋಡಿ. ಮಾಮೂಲಿ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಅಂದರೆ ನಿಮಿಷಕ್ಕೆ ಸುಮಾರು 1 ಎಂಬಿ. ದೊಡ್ಡಪ್ಪನ ಪದ ಯಾವುದೂ ನಾಲ್ಕು ನಿಮಿಷಕ್ಕೆ ಕಡಿಮೆ ಇರುತ್ತಿರಲಿಲ್ಲ. ಆದರೆ ಇಲ್ಲಿ ಹೆಚ್ಚಿನವು 400 ಕೆಬಿಯ ಆಸುಪಾಸು. ಇಷ್ಟು ಚಿಕ್ಕದಾಗಿ ರೆಕಾರ್ಡ್ ಮಾಡುತ್ತಿದ್ದವು ಹಳೆಯ ಬಟನ್ ಫೋನುಗಳು.

"ಇವು ಯಾವಾಗಿನವು?"

"2010ರ ಮೊಹರಂದಾಗ ನನ್ನ ಹಳೇ ಫೋನಿನ್ಯಾಗ ಹಿಡಿದಿದ್ದು ಅಣ್ಣಾ. ಆಗ ಚಳಿ ಇತ್ತು, ನೆನಪೈತಿ."

ಆ ವರ್ಷ ಮೊಹರಂ ಡಿಸೆಂಬರಿನಲ್ಲಿ ಬಂದಿತ್ತು. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಈಗ ಮಳೆಗಾಲಕ್ಕೆ ಬಂದಿದೆ.

ಒಂದು ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಒಳಗೆಲ್ಲ ಅರ್ಥವಾಗದ ಗುರುತುಗಳೇ ಇರುತ್ತವೆ, ಅದು ಸಹಜ. ನೋಡಬೇಕಾದದ್ದು ಶುರುವಿನ ನಾಲ್ಕೈದು ಅಕ್ಷರ ಮಾತ್ರ. ಅಲ್ಲಿ ಹ್ಯಾಶ್, ಆಶ್ಚರ್ಯ ಚಿಹ್ನೆ, ಆಮೇಲೆ ಎ, ಎಂ, ಆರ್. ಅಂದರೆ ಇದು ಎಎಂಆರ್ ಫೈಲ್. ಫೋನಿನ ಮಾತಿಗಾಗಿ ಮಾಡಿದ ಬಗೆ. ಹೆಚ್ಚಿನ ಆಡಿಯೋ ಫೈಲುಗಳು ಹೀಗೆ ತಮ್ಮ ಗುರುತನ್ನು ಮೊದಲಲ್ಲೇ ಬರೆದುಕೊಂಡಿರುತ್ತವೆ. ವೇವ್ ಫೈಲಿನಲ್ಲಿ ಆರ್‌ಐಎಫ್‌ಎಫ್ ಎಂದಿರುತ್ತದೆ. ಎಂಪಿ3ಯಲ್ಲಿ ಬಹಳ ಸಲ ಐಡಿ3 ಎಂದಿರುತ್ತದೆ. ವಾಟ್ಸಾಪ್ ದನಿ ಸಂದೇಶದಲ್ಲಿ ಓಜಿಜಿಎಸ್. ಒಂದು ಎಚ್ಚರಿಕೆ: ನೋಟ್‌ಪ್ಯಾಡಿನಲ್ಲಿ ಬರೀ ನೋಡಿ ಮುಚ್ಚಬೇಕು. ಸೇವ್ ಒತ್ತಿದರೆ ಫೈಲ್ ನಿಜವಾಗಿಯೇ ಹಾಳಾಗುತ್ತದೆ.

ಹಾಗಾದರೆ ಎಂಪಿ3 ಎಂಬ ಹೆಸರು ಎಲ್ಲಿಂದ ಬಂತು? ತಮ್ಮನನ್ನು ಕೇಳಿದೆ. ಮೊದಲು ತೋರಿಸಿದ ಅಂಗಡಿಯಲ್ಲಿ "ಎಂಪಿ3 ಮಾಡಿಕೊಡ್ತೀವಿ" ಎಂದು ಹಣ ತೆಗೆದುಕೊಂಡು ಹೆಸರಿನ ಕೊನೆಯ ಮೂರಕ್ಷರ ಬದಲಿಸಿದ್ದರು, ಅಷ್ಟೇ. ಜೋಳದ ಚೀಲದ ಮೇಲೆ ತೊಗರಿ ಎಂದು ಬರೆದರೆ ಒಳಗಿನ ಜೋಳ ತೊಗರಿ ಆಗುವುದಿಲ್ಲ, ಅಲ್ವಾ? ಎಕ್ಸ್‌ಟೆನ್ಶನ್ ಅನ್ನುವುದು ಚೀಲದ ಮೇಲಿನ ಬರಹ. ಪ್ಲೇಯರ್ ಆ ಬರಹ ನಂಬಿ ಕೈ ಹಾಕುತ್ತದೆ, ಒಳಗೆ ಬೇರೆ ಕಾಳು ಸಿಕ್ಕಾಗ ನಿಂತುಬಿಡುತ್ತದೆ.

ಒಂದು ಕಾಪಿಗೆ ಮತ್ತೆ ಎಎಂಆರ್ ಎಂದು ಹೆಸರಿಟ್ಟು ವಿಎಲ್‌ಸಿ ಪ್ಲೇಯರಿನಲ್ಲಿ ಹಾಕಿದೆ. ಮೊದಲು ಹಲಗೆಯ ಸದ್ದು. ಆಮೇಲೆ ದೊಡ್ಡಪ್ಪನ ಕೆಮ್ಮು, ಹಾಡುವ ಮುಂಚೆ ಅವರು ಯಾವಾಗಲೂ ಕೆಮ್ಮುತ್ತಿದ್ದ ಆ ಸಣ್ಣ ಕೆಮ್ಮು. ತಮ್ಮ ಕುರ್ಚಿಯಿಂದ ಎದ್ದು ನಿಂತ. ಇಪ್ಪತ್ತೆಂಟೂ ಹಾಡಿದವು.

ಇನ್ನು ನಿಜವಾದ ಪರಿವರ್ತನೆ. ಅದಕ್ಕೆ ಅಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶ ಬಳಸಿದೆ, ಎಎಂಆರ್ ತೆರೆಯಲು ಅದರ ಜೊತೆಗೆ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದನ್ನು ಹಾಕಿಕೊಳ್ಳಬೇಕು. ಎರಡೂ ಪುಕ್ಕಟೆ ಸಿಗುತ್ತವೆ. ವಿಎಲ್‌ಸಿಯೂ ಪುಕ್ಕಟೆಯೇ. 1996ರಲ್ಲಿ ಪ್ಯಾರಿಸಿನ ಒಂದು ಕಾಲೇಜಿನ ವಿದ್ಯಾರ್ಥಿಗಳು ಶುರು ಮಾಡಿದ ಕೆಲಸ ಅದು, ಇವತ್ತು ಮುದಗಲ್ಲಿನ ಪದ ಕೇಳಿಸುತ್ತಿದೆ. ಇವನ್ನು ಅವುಗಳ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಎಲ್ಲ ಬಗೆಯ ಫೈಲನ್ನೂ ಹಾಡಿಸುವ "ಕೋಡೆಕ್ ಪ್ಯಾಕ್" ಎಂದು ಸಿಕ್ಕಸಿಕ್ಕಲ್ಲಿ ಸಿಗುವುದನ್ನು ಹಾಕಿಕೊಂಡು ವೈರಸ್ ತಂದುಕೊಂಡ ಕಂಪ್ಯೂಟರುಗಳನ್ನು ನಾನು ಬಹಳ ನೋಡಿದ್ದೇನೆ.

"ಅಣ್ಣಾ, ದೊಡ್ಡ ಎಂಪಿ3 ಮಾಡು, 320ರಾಗ, ಸೌಂಡ್ ಚಲೋ ಬರ್ತೈತಿ" ಎಂದ ತಮ್ಮ. ಬರುವುದಿಲ್ಲ. ಮಾಮೂಲಿ ಎಎಂಆರ್ ಸೆಕೆಂಡಿಗೆ 8000 ಸಲ ಮಾತ್ರ ದನಿಯನ್ನು ಅಳೆಯುತ್ತದೆ. ಸಿಡಿಯಲ್ಲಿ ಅದು 44,100. ರೆಕಾರ್ಡ್ ಮಾಡುವಾಗಲೇ ಹೋದದ್ದು ಪರಿವರ್ತನೆಯಲ್ಲಿ ತಿರುಗಿ ಬರುವುದಿಲ್ಲ, ಸುಮ್ನೆ ಜಾಗ ಜಾಸ್ತಿ ತಿನ್ನುತ್ತದೆ. ಹಾಗಾಗಿ ಹಲಗೆ, ತಾಸೆ ಎರಡೂ ಡಬ್ಬಿ ಬಡಿದಂತೆ ಕೇಳುತ್ತವೆ. ಆದರೆ ಮನುಷ್ಯನ ಮಾತಿಗೆಂದೇ ಮಾಡಿದ ಬಗೆಯಾದ್ದರಿಂದ ದೊಡ್ಡಪ್ಪನ ಪದದ ಒಂದೊಂದು ಅಕ್ಷರವೂ ಸ್ಪಷ್ಟ. ಕಲಿಯುವವರಿಗೆ ಬೇಕಾದದ್ದು ಅದೇ.

ಎರಡು ಫೈಲುಗಳ ಕತೆ ಚಿಕ್ಕದು. ಅವು ನಿಜವಾದ ಎಂಪಿ3ಗಳೇ, ಹೆಸರು ಕನ್ನಡದಲ್ಲಿತ್ತು. ಮೇಳದವರ ಕಂಪ್ಯೂಟರಿನಲ್ಲಿ ಇದ್ದ ಹಳೆಯ ಪ್ಲೇಯರಿಗೆ ಕನ್ನಡದಂಥ ಯೂನಿಕೋಡ್ ಹೆಸರು ಓದಲು ಬರುತ್ತಿರಲಿಲ್ಲ, ಬರೀ ಪ್ರಶ್ನೆ ಚಿಹ್ನೆ ಕಾಣುತ್ತಿತ್ತು. ನನ್ನ ಕಂಪ್ಯೂಟರಿನಲ್ಲಿ ಒಂದೇ ಸಲಕ್ಕೆ ಹಾಡಿದವು. ಕನ್ನಡದ ಹೆಸರನ್ನು ಹಾಗೇ ಬಿಟ್ಟು ಅವರ ಪ್ಲೇಯರನ್ನು ಬದಲಿಸಿ ಎಂದೆ.

ಏಳು ಫೈಲುಗಳ ಹೆಸರು ಟ್ರ್ಯಾಕ್01, ಟ್ರ್ಯಾಕ್02 ಹೀಗೆ ಇತ್ತು. ಕೊನೆಗೆ ಸಿಡಿಎ. ಸೈಜ್ ಒಂದೊಂದೂ 44 ಬೈಟ್. ಕೆಬಿ ಅಲ್ಲ, ಬೈಟ್. ಇದನ್ನು ನೋಡಿದರೆ ನನಗೆ ಪ್ರತಿ ಸಲವೂ ಬೇಜಾರಾಗುತ್ತದೆ. ಆಡಿಯೋ ಸಿಡಿಯನ್ನು ವಿಂಡೋಸಿನಲ್ಲಿ ತೆರೆದರೆ ಕಾಣುವ ಈ ಸಿಡಿಎಗಳಲ್ಲಿ ಹಾಡು ಇರುವುದೇ ಇಲ್ಲ. ಹಾಡು ಸಿಡಿಯಲ್ಲಿ ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದ ಎಂಬ ವಿಳಾಸ ಮಾತ್ರ ಇರುತ್ತದೆ. ಅದನ್ನು ಪೆನ್‌ಡ್ರೈವಿಗೆ ಎಳೆದು ಹಾಕಿದರೆ ಮನೆ ಬಿಟ್ಟು ವಿಳಾಸದ ಚೀಟಿ ತಂದಂತೆ. ಎಷ್ಟೋ ಮಂದಿ ಹೀಗೆ ಕಾಪಿ ಮಾಡಿಕೊಂಡು, ಹಾಡು ಬಂತೆಂದು ಸಿಡಿಯನ್ನು ಎಸೆದುಬಿಟ್ಟಿದ್ದಾರೆ.

"ಆ ಸಿಡಿ ಎಲ್ಲೈತಿ?"

ದೊಡ್ಡವ್ವನಿಗೆ ಫೋನ್ ಮಾಡಿದ. ಟ್ರಂಕಿನಲ್ಲಿ, ಸೀರೆಗಳ ನಡುವೆ ಇತ್ತು. 2006ರಲ್ಲಿ ರಾಯಚೂರಿನಲ್ಲಿ ಮೇಳವನ್ನು ಕೂರಿಸಿ ರೆಕಾರ್ಡ್ ಮಾಡಿಸಿದ್ದ ಸಿಡಿ. ಮನೆಯಲ್ಲೇ ಬರೆಯುವ ಸಿಡಿಗಳ ಬಣ್ಣದ ಪದರ ಬಿಸಿಲಿಗೆ, ಶಾಖಕ್ಕೆ ಬೇಗ ಹಾಳಾಗುತ್ತದೆ. ನಮ್ಮ ರಾಯಚೂರು ಸೀಮೆಯ ಬೇಸಿಗೆ ಗೊತ್ತಲ್ಲ. ಟ್ರಂಕಿನ ಕತ್ತಲು ಅದನ್ನು ಕಾಪಾಡಿತ್ತು. ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ, ಸುತ್ತ ತಿರುಗಿಸಿ ಒರೆಸಬಾರದು. ನನ್ನ ಡ್ರೈವ್ ನಾಲ್ಕು ಹಾಡು ಓದಿ ನಿಂತಿತು. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಡ್ರೈವ್ ಉಳಿದವನ್ನೂ ಓದಿತು. ಒಂದು ಡ್ರೈವ್ ಓದದ ಸಿಡಿಯನ್ನು ಇನ್ನೊಂದು ಓದುವುದುಂಟು. ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ತಂತ್ರಾಂಶ ಹಾಕಿದ್ದೆ, ಅದು ಕೆಟ್ಟ ಜಾಗವನ್ನು ಮತ್ತೆ ಮತ್ತೆ ಓದಿ ನೋಡುತ್ತದೆ. ಆದರೂ ಐದನೇ ಹಾಡಿನಲ್ಲಿ ಒಂದು ಗೀರಿನಿಂದ ಹನ್ನೆರಡು ಸೆಕೆಂಡು ಹೋಯಿತು.

ನನ್ನನ್ನು ಎರಡು ರಾತ್ರಿ ಕೂರಿಸಿದ್ದು ಒಂದು ವೇವ್ ಫೈಲ್. 2014ರಲ್ಲಿ ಯಾರೋ ಒಳ್ಳೆಯ ರೆಕಾರ್ಡರ್ ತಂದು ಕತ್ತಲ ರಾತ್ರಿ ಹಿಡಿದದ್ದು. ಹಾಡಿನ ನಡುವೆ ಬ್ಯಾಟರಿ ಮುಗಿದಿತ್ತಂತೆ. ಫೈಲ್ 85 ಎಂಬಿ ಇದೆ, ಆದರೆ ವಿಎಲ್‌ಸಿಯೂ ಕೈ ಚೆಲ್ಲಿತು. ಎಚ್‌ಎಕ್ಸ್‌ಡಿ ಎಂಬ ತಂತ್ರಾಂಶದಲ್ಲಿ ತೆರೆದು ಬೈಟುಗಳನ್ನು ನೋಡಿದೆ. ಶುರುವಿನ ಸಾಲುಗಳೆಲ್ಲ ಬರೀ ಸೊನ್ನೆ. ಕೆಳಗೆ ಇಳಿದರೆ ತುಂಬಾ ಅಂಕಿಗಳಿವೆ. ಆಗ ಹೊಳೆಯಿತು. ಕೆಲವು ರೆಕಾರ್ಡರುಗಳು ಮೊದಲಿಗೆ ತಲೆಬರಹದ (ದನಿ ಯಾವ ಬಗೆಯದೆಂದು ಹೇಳುವ ಶುರುವಿನ ಸಾಲಿನ) ಜಾಗವನ್ನು ಖಾಲಿ ಬಿಟ್ಟುಕೊಂಡು, ಸ್ಟಾಪ್ ಒತ್ತಿದ ಮೇಲೆ ಅದನ್ನು ತುಂಬುತ್ತವೆ. ಬ್ಯಾಟರಿ ಮುಗಿದದ್ದರಿಂದ ಸ್ಟಾಪ್ ಆಗಲೇ ಇಲ್ಲ. ದನಿ ಇದೆ, ಅದು ಯಾವ ಬಗೆಯದು ಎಂದು ಹೇಳುವ ಸಾಲು ಮಾತ್ರ ಇಲ್ಲ.

ಅಡಾಸಿಟಿಯಲ್ಲಿ ಫೈಲ್, ಇಂಪೋರ್ಟ್, ರಾ ಡೇಟಾ ಎಂದು ಇದೆ. ತಲೆಬರಹವನ್ನು ಕೇಳದೇ ಬೈಟುಗಳನ್ನು ನೇರ ದನಿಯೆಂದು ಓದುತ್ತದೆ. ಆದರೆ ತಲೆಬರಹ ಹೇಳಬೇಕಿದ್ದುದನ್ನು ನಾವು ಹೇಳಬೇಕು. ಮೊದಲ ಸಲ 8 ಬಿಟ್ ಎಂದೆ, ಬರೀ ಶರ್ ಎನ್ನುವ ಸದ್ದು. 16 ಬಿಟ್, ಸ್ಟೀರಿಯೋ ಎಂದೆ. ಮನುಷ್ಯರ ದನಿ ಬಂತು, ಆದರೆ ಎರಡರಷ್ಟು ವೇಗದಲ್ಲಿ, ಚಿಕ್ಕ ಮಕ್ಕಳು ಕಿರುಚಿದಂತೆ. ಆ ಕ್ಷಣಕ್ಕೇ ಗೊತ್ತಾಯಿತು: ಒಂದೇ ಮೈಕಿನ ದನಿಯನ್ನು ಎರಡಾಗಿ ಹಂಚುತ್ತಿದ್ದೇನೆ. ಮೋನೋ ಎಂದು ಬದಲಿಸಿದೆ. ಸೆಕೆಂಡಿಗೆ 44,100 ಅಳತೆ, ಬೈಟುಗಳ ಕ್ರಮ ಲಿಟಲ್ ಎಂಡಿಯನ್. ಶುರುವಿನಲ್ಲಿ ಬೈಟ್ ಬಿಡುವ ಲೆಕ್ಕವನ್ನು ಸೊನ್ನೆಯಲ್ಲೇ ಇಟ್ಟೆ. 16 ಬಿಟ್‌ನಲ್ಲಿ ಎರಡು ಬೈಟ್ ಸೇರಿ ಒಂದು ಅಳತೆ, ಹಾಗಾಗಿ ಒಂದು ಬೈಟ್ ಆಚೀಚೆ ಆದರೂ ಮತ್ತೆ ಶರ್ ಎನ್ನುತ್ತದೆ. ಮೊದಲಿನ ಸೊನ್ನೆಗಳು ಬರೀ ಮೌನವಾಗಿ ಕೇಳುತ್ತವೆ, ತೊಂದರೆ ಇಲ್ಲ.

ಲೆಕ್ಕವೂ ಹೊಂದಿತು. 16 ಬಿಟ್ ಮೋನೋ ಅಂದರೆ ನಿಮಿಷಕ್ಕೆ 5 ಎಂಬಿ ಚಿಲ್ಲರೆ. 85 ಎಂಬಿಗೆ ಸುಮಾರು 17 ನಿಮಿಷ. ಆ ಹದಿನೇಳು ನಿಮಿಷ ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಕೂತು ಕೇಳಿದೆ. ದೊಡ್ಡಪ್ಪ ಒಂದು ಸೊಲ್ಲು ಎತ್ತುತ್ತಾರೆ, ಹಿಂದಿನವರು ಹಿಡಿಯುತ್ತಾರೆ, ಯಾರೋ "ಹಾಂ, ಹೇಳ್ರೀ" ಎನ್ನುತ್ತಾರೆ. ಫಾರ್ಮ್ಯಾಟ್ ಮಾಡಿದ್ದರೆ ಇದು ಇರುತ್ತಿರಲಿಲ್ಲ.

ಉಳಿದದ್ದು ಮೂರು. ಅವುಗಳ ಒಳಗೆ ಕೊನೆತನಕ ಸೊನ್ನೆಯೇ. ಕಾಪಿ ಆಗುವಾಗಲೇ ಪೆನ್‌ಡ್ರೈವ್ ಕಿತ್ತರೆ ಹೀಗಾಗುವುದುಂಟು, ಹೆಸರು ಮತ್ತು ಸೈಜ್ ಇರುತ್ತದೆ, ಒಳಗೆ ಏನೂ ಬಂದಿರುವುದಿಲ್ಲ. ಇದಕ್ಕೆ ಯಾವ ತಂತ್ರಾಂಶದಲ್ಲೂ ಮದ್ದಿಲ್ಲ. ಆದರೆ ಆಗ ವಿಂಡೋಸ್ "ಸ್ಕ್ಯಾನ್ ಅಂಡ್ ಫಿಕ್ಸ್" ಎಂದು ಕೇಳಿದ್ದು, ತಾನು ಒತ್ತಿದ್ದು ತಮ್ಮನಿಗೆ ನೆನಪಾಯಿತು. ಪೆನ್‌ಡ್ರೈವನ್ನು ಮತ್ತೆ ಜೋಡಿಸಿ, ಅಡಗಿದ ಫೋಲ್ಡರುಗಳನ್ನು ತೋರಿಸು ಎಂದು ಸೆಟ್ಟಿಂಗ್ ಬದಲಿಸಿ ನೋಡಿದೆ. ಫೌಂಡ್.000 ಎಂಬ ಫೋಲ್ಡರ್, ಅದರೊಳಗೆ ಸಿಎಚ್‌ಕೆ ಎಂದು ಕೊನೆಯಾಗುವ ಒಂದಷ್ಟು ಫೈಲು. ದಿಕ್ಕಿಲ್ಲದೆ ಉಳಿದ ತುಣುಕುಗಳನ್ನು ವಿಂಡೋಸ್ ಹೀಗೆ ಒಟ್ಟು ಹಾಕಿಡುತ್ತದೆ. ಎರಡರ ತಲೆಯಲ್ಲಿ ಅದೇ ಹ್ಯಾಶ್, ಆಶ್ಚರ್ಯ ಚಿಹ್ನೆ, ಎಎಂಆರ್. ಹೆಸರು ಬದಲಿಸಿದೆ, ಹಾಡಿದವು. ಮೂರನೆಯದು ಸಿಗಲಿಲ್ಲ.

ಮೂಲ ಫೈಲುಗಳನ್ನು ಇದ್ದ ಹಾಗೆಯೇ ಒಂದು ಫೋಲ್ಡರಿನಲ್ಲಿ ಇಟ್ಟೆ. ಸಿಡಿ ಮತ್ತು ರೆಕಾರ್ಡರಿನವನ್ನು ಫ್ಲ್ಯಾಕ್ ಮಾಡಿದೆ, ಅದರಲ್ಲಿ ದನಿ ಏನೂ ಕಳೆಯುವುದಿಲ್ಲ. ಹುಡುಗರ ಫೋನಿಗೆ ಎಂಪಿ3. ಎಲ್ಲದರ ಕಾಪಿ ಮೂರು ಕಡೆ: ಎರಡು ಪೆನ್‌ಡ್ರೈವು, ಒಂದು ನನ್ನ ಹಾರ್ಡ್‌ಡಿಸ್ಕು.

ಐದನೇ ಹಾಡನ್ನು ಬರೆದುಕೊಳ್ಳುವಾಗ ಆ ಹನ್ನೆರಡು ಸೆಕೆಂಡಿನ ಹತ್ತಿರ ಹುಡುಗರು ನಿಂತರು. ದೊಡ್ಡವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದರು. "ಅಲ್ಲಿ ಏನ್ ಬರ್ತೈತಿ ದೊಡ್ಡವ್ವಾ?" ಎಂದು ಕೇಳಿದೆ. ಕೈಯ ಹಿಟ್ಟು ಒರೆಸಿಕೊಳ್ಳದೇ ಹೊರಗೆ ಬಂದು ಆ ಸೊಲ್ಲನ್ನು ಅದೇ ಧಾಟಿಯಲ್ಲಿ ಎರಡು ಸಲ ಹಾಡಿದರು. ಅವರು ಹಾಡಿದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಫೋನಿನಲ್ಲಿ ಹಿಡಿದುಕೊಂಡೆ. ದೊಡ್ಡಪ್ಪನ ಹಾಡಿನೊಳಗೆ ಅದನ್ನು ಅಂಟಿಸಲಿಲ್ಲ. ಪಕ್ಕದಲ್ಲೇ ಬೇರೆ ಫೈಲ್ ಮಾಡಿ ಹೆಸರಿಟ್ಟಿದ್ದೇನೆ: ಐದನೇ ಪದ, ನಡುವಿನ ಸೊಲ್ಲು, ದೊಡ್ಡವ್ವ.