ಅಡಿಕೆಯ ಕೊನೆಕೊಯ್ಲು ಮುಗಿದ ಮೇಲೆ ಕರೆಯಿರಿ: ಮಕ್ಕಳ ಪಾಲನೆಯ ಕೂಟಕ್ಕೆ ಮನೆಮಂದಿ ಬರುವಂತೆ ಮಾಡುವುದು ಹೇಗೆ?

ಅಂಗನವಾಡಿ ಬಾಗಿಲಿಗೆ ‘ಪೋಷಕರ ತರಬೇತಿ’ ಎಂದು ಚೀಟಿ ಅಂಟಿಸಬೇಡಿ. ‘ನಿಮಗೆ ಮಕ್ಕಳನ್ನು ಸಾಕಲು ಬರುವುದಿಲ್ಲ’ ಎಂದಂತೆ ಕೇಳಿಸುತ್ತದೆ. ‘ಮಕ್ಕಳ ಕೂಟ’ ಎಂದರೆ ಸಾಕು. ಮೊದಲ ದಿನ ಜನ ಸೇರಿಸುವುದು ಸುಲಭ, ಮೂರನೆಯ ಸಲವೂ ಅವರು ಬರಬೇಕು.

ಕಾಲ ನೋಡಿ ಶುರು ಮಾಡಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ನವೆಂಬರ್‌ನಿಂದ ಜನವರಿವರೆಗೆ ಅಡಿಕೆ ಕೊಯ್ಲು. ಹೆಂಗಸರು ರಾತ್ರಿಯಾದರೂ ಸುಲಿಯುತ್ತ ಕೂತಿರುತ್ತಾರೆ. ಜೂನ್ ಬಂದರೆ ಹಳ್ಳ ತುಂಬಿ ಸಂಕ (ಕಾಲುಸೇತುವೆ) ದಾಟುವುದೇ ಕಷ್ಟ. ಫೆಬ್ರವರಿ ಎರಡನೇ ವಾರ ಆರಂಭಿಸಿ, ಹದಿನೈದು ದಿನಕ್ಕೊಂದರಂತೆ 6 ಕೂಟ ನಡೆಸಿದರೆ ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಮೇನಲ್ಲಿ ಮದುವೆ, ಅಜ್ಜನ ಮನೆ; ಯಾರೂ ಕೈಗೆ ಸಿಗುವುದಿಲ್ಲ.

ಎರಡು ವಾರ ಮೊದಲೇ ಮನೆಮನೆಗೆ ನಡೆಯಿರಿ. ಒಂಟಿ ಮನೆಗಳಿಗೆ ವಾಟ್ಸಾಪ್ ಸಂದೇಶ ತಲುಪುವುದು ಸಿಗ್ನಲ್ ಸಿಕ್ಕಾಗ ಮಾತ್ರ. ಊರಿನ ಆಶಾ ಕಾರ್ಯಕರ್ತೆಯೋ ಸ್ವಸಹಾಯ ಸಂಘದವರೋ ಜೊತೆಗಿದ್ದರೆ ಮಾತು ಬೇಗ ಬೆರೆಯುತ್ತದೆ. ‘ಹಗಲು ಮಗು ಯಾರ ಹತ್ತಿರ ಇರ್ತದೆ?’ ಎಂದು ಕೇಳಿ. ಉತ್ತರ ‘ಅತ್ತೆ ಹತ್ತಿರ’ ಎಂದಾದರೆ ಅತ್ತೆಯನ್ನೂ ಕರೆಯಿರಿ. ಕೂಟದಲ್ಲಿ ಕಲಿತದ್ದನ್ನು ‘ನಾವು ಮಕ್ಕಳನ್ನ ಸಾಕಿಲ್ವಾ?’ ಎಂದು ತಳ್ಳಿಹಾಕುವವರೂ, ಒಪ್ಪಿದರೆ ನಡೆಸಿಕೊಡುವವರೂ ಅವರೇ. ಅಪ್ಪಂದಿರಿಗೆ ‘ಬನ್ನಿ’ ಎಂದಷ್ಟೇ ಹೇಳಿದರೆ ಬರುವುದಿಲ್ಲ. ಅಡಿಕೆ ಹಾಳೆಯಲ್ಲಿ ಎಳೆಯುವ ಗಾಡಿ ಮಾಡಿಕೊಡುವಂಥ ಕೆಲಸ ವಹಿಸಿ.

ಜಾಗದ ವಿಷಯದಲ್ಲಿ ದಾಕ್ಷಿಣ್ಯ ಬೇಡ. ದೊಡ್ಡ ಮನೆಯ ಜಗುಲಿ ಅನುಕೂಲವಾಗಿರಬಹುದು, ಆದರೆ ಅಲ್ಲಿ ಕೂಲಿಗೆ ಹೋಗುವವರು ಸರಿಸಮವಾಗಿ ಕೂರುವುದಿಲ್ಲ, ಬಾಯಿ ಬಿಡುವುದೂ ಇಲ್ಲ. ಅಂಗನವಾಡಿ, ಶಾಲೆಯೇ ಒಳ್ಳೆಯದು.

ಒಂದು ಗುಂಪಿಗೆ 8ರಿಂದ 12 ಮನೆ, ಒಂದೇ ಗಂಟೆ. ಮೊದಲ ಹತ್ತು ನಿಮಿಷ, ಕಳೆದ ಸಲ ಒಪ್ಪಿದ್ದನ್ನು ಮನೆಯಲ್ಲಿ ಮಾಡಿದಾಗ ಏನಾಯಿತು ಎಂಬ ಮಾತು. ಆಮೇಲೆ ಒಂದೇ ಸಂಗತಿ, ಅದೂ ಮಾಡಿ ತೋರಿಸುವಂಥದ್ದು: ಆರು ತಿಂಗಳು ತುಂಬಿದ ಕೂಸಿಗೆ ಅನ್ನ-ಬೇಳೆಯನ್ನು ನುಣ್ಣಗೆ ಹಿಸುಕಿ ಚಮಚದಿಂದ ಜಾರದಷ್ಟು ಗಟ್ಟಿಯಾಗಿ ತಿನ್ನಿಸುವುದು, ಹಟ ಹಿಡಿದ ಮಗುವಿನ ಎದುರು ಕೂತು ದನಿ ತಗ್ಗಿಸುವುದು. ಉಪನ್ಯಾಸ ಶುರುವಾದರೆ ಅರ್ಧ ಜನ ಗಡಿಯಾರ ನೋಡುತ್ತಾರೆ. ಉಳಿದ ಸಮಯ ಅವರೇ ಮಕ್ಕಳೊಂದಿಗೆ ಮಾಡಿ ನೋಡಲಿ. ಏಳುವ ಮುನ್ನ ಮನೆಗೊಂದು ಪುಟ್ಟ ಕೆಲಸ ಒಪ್ಪಿಕೊಂಡು ಹೋಗಲಿ. ಎಣಿಸುವ ಆಟಕ್ಕೆ ಅಡಿಕೆ, ಹುಣಸೆಬೀಜ ಕೊಡುವವರಿದ್ದಾರೆ. ಮೂರು ವರ್ಷದೊಳಗಿನವರಿಗೆ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಚಿಕ್ಕವರನ್ನು ಆಡಿಸಲು ಚಾಪೆ ಹಾಸಿ ಒಬ್ಬರನ್ನು ಕೂರಿಸಿ. ಅವಲಕ್ಕಿ, ಕಷಾಯ ಇರಲಿ.

ಕುಡಿತ, ಹೊಡೆತದ ಮಾತು ಬಂದರೆ ಗುಂಪಿನಲ್ಲಿ ಕೆದಕದೆ, ಆಮೇಲೆ ಒಬ್ಬರೇ ಇದ್ದಾಗ ಕೇಳಿ. ಮಗುವಿಗೆ ಅಪಾಯವಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಬಾರದವರ ಹೆಸರು ಓದಿ ಹೇಳಬೇಡಿ, ಮುಂದಿನ ಸಲ ಖಂಡಿತ ಬರುವುದಿಲ್ಲ. ಮೂರು ದಿನದೊಳಗೆ ಆ ಮನೆಗೆ ಹೋಗಿ, ಯಾಕೆ ಬರಲಿಲ್ಲ ಎನ್ನದೆ ಮಗು ಹೇಗಿದೆ ಎಂದು ವಿಚಾರಿಸಿ.