ಕರಾವಳಿಯ ಬೆವರಿನಲ್ಲೂ ಹೇರ್ ಪ್ಯಾಚ್ ನಿಲ್ಲಬೇಕು ಅಂದರೆ

ಹೇರ್ ಪ್ಯಾಚ್, ಅಂದರೆ ಬೋಳಾದ ಜಾಗಕ್ಕೆ ಅಂಟಿಸಿಕೊಳ್ಳುವ ಕೂದಲಿನ ತುಂಡು, ಅದನ್ನು ತೆಗೆದು, ತೊಳೆದು, ಮತ್ತೆ ಅಂಟಿಸಿಕೊಳ್ಳಲು ಕಾರವಾರದಿಂದ ಪ್ರತಿ ಸಲ ಮಡಗಾಂವ್‌ಗೋ ಹುಬ್ಬಳ್ಳಿಗೋ ಓಡುವುದು ಅಂದರೆ ಒಂದು ದಿನದ ಕೆಲಸ ಹೋಯಿತು ಅಂತಲೇ ಲೆಕ್ಕ. ಸರ್ವಿಸ್ ಚಾರ್ಜ್ ಬೇರೆ. ಶಿರಸಿಯವರಿಗೆ ಹುಬ್ಬಳ್ಳಿಯೇ ಸುಮಾರು 100 ಕಿಲೋಮೀಟರ್. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಕೈ ಕುದುರುವವರೆಗೆ ತಾಳ್ಮೆ ಬೇಕು, ಅಷ್ಟೇ.

ಆದರೆ ವಿಡಿಯೋಗಳಲ್ಲಿ ತೋರಿಸುವುದನ್ನು ನಮ್ಮ ಕಡೆ ಹಾಗೆಯೇ ಮಾಡಿದರೆ ನಡೆಯುವುದಿಲ್ಲ. ಅವರು ಎಸಿ ರೂಮಿನಲ್ಲಿ ಕೂತು ಮಾಡಿರುತ್ತಾರೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸುಮ್ನೆ ಕೂತರೂ ಕುತ್ತಿಗೆಯಿಂದ ಬೆವರು ಇಳಿಯುತ್ತದೆ, ಜೂನ್ ಬಂತೆಂದರೆ ಹಗ್ಗದ ಮೇಲೆ ಹಾಕಿದ ಟವೆಲ್ ಎರಡು ದಿನವಾದರೂ ಒಣಗುವುದಿಲ್ಲ. ಇಲ್ಲಿ ಅಂಟಿಸುವುದು ಸಣ್ಣ ಕೆಲಸ, ತಲೆ ಒಣಗಿಸುವುದೇ ದೊಡ್ಡ ಕೆಲಸ. ಅದಕ್ಕೇ ಆ ಭಾಗವನ್ನು ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಸಾಮಾನು. ಪ್ಯಾಚಿನ ತಳ ಬಲೆಯಂಥ ಲೇಸ್ ಆಗಿದ್ದರೆ ಗಾಳಿಯಾಡುತ್ತದೆ, ಬೆವರು ಹೊರಗೆ ಹೋಗುತ್ತದೆ. ತೆಳು ಪ್ಲಾಸ್ಟಿಕ್ಕಿನಂಥ ಪಾಲಿ ತಳ ಅಂಟಿಸಲು, ತೊಳೆಯಲು ಸುಲಭ, ಆದರೆ ಅಡಿಯಲ್ಲಿ ಬೆವರು ನಿಲ್ಲುತ್ತದೆ. ಕರಾವಳಿಗೆ ಲೇಸೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅಂಚಿಗಷ್ಟೇ ಪಾಲಿ, ನಡುವೆ ಲೇಸ್ ಇರುವುದು ಸಿಕ್ಕರೆ ಹೊಸಬರಿಗೆ ಇನ್ನೂ ಅನುಕೂಲ. ಅದರ ಜೊತೆ ಎರಡೂ ಬದಿಗೆ ಅಂಟು ಇರುವ ಹೇರ್ ಟೇಪ್ ಅಥವಾ ಗಮ್, ಐಸೋಪ್ರೊಪೈಲ್ ಆಲ್ಕೋಹಾಲ್, ಸ್ಕಾಲ್ಪ್ ಪ್ರೊಟೆಕ್ಟರ್, ಅಂಟು ಬಿಡಿಸುವ ರಿಮೂವರ್, ಹತ್ತಿ, ಹುಬ್ಬಿಗೆ ಹಚ್ಚುವ ಪೆನ್ಸಿಲ್, ಬಾಲದ ಬಾಚಣಿಗೆ, ಎರಡು ಕನ್ನಡಿ. ಒಂದು ಕನ್ನಡಿಯಲ್ಲಿ ಹಿಂದಿನ ಭಾಗ ಕಾಣುವುದೇ ಇಲ್ಲ. ಫೆವಿಕ್ವಿಕ್ ಥರದ ಅಂಟನ್ನು ತಲೆಯ ಹತ್ತಿರವೂ ತರಬೇಡಿ. ಅದು ಚರ್ಮಕ್ಕಲ್ಲ.

ಹೊಸ ಟೇಪ್ ಅಥವಾ ಗಮ್ ತಂದ ದಿನವೇ ತಲೆಗೆ ಹಚ್ಚಬಾರದು. ಮೊಣಕೈಯ ಒಳಗಡೆ ಸ್ವಲ್ಪ ಹಚ್ಚಿ 24ರಿಂದ 48 ಗಂಟೆ ನೋಡಿ. ಕೆಂಪಾದರೆ, ಕೆರೆತ ಬಂದರೆ ಆ ಅಂಟು ನಿಮಗೆ ಆಗುವುದಿಲ್ಲ. ನೆತ್ತಿಯಲ್ಲಿ ಗಾಯ, ಹುಳುಕಡ್ಡಿ, ಕೀವಿನ ಗುಳ್ಳೆ ಇದ್ದರೆ ಅದು ಪೂರ್ತಿ ವಾಸಿಯಾಗುವವರೆಗೆ ಪ್ಯಾಚ್ ಬೇಡ. ಕೀಮೋ ತೆಗೆದುಕೊಳ್ಳುತ್ತಿರುವವರ ಚರ್ಮ ತುಂಬಾ ಸೂಕ್ಷ್ಮ, ಅವರು ಡಾಕ್ಟರನ್ನು ಕೇಳದೆ ಅಂಟು ಮುಟ್ಟಲೇಬಾರದು.

ಈಗ ತಲೆ. ಅಂಟಿಗೆ ದೊಡ್ಡ ಶತ್ರು ಎಣ್ಣೆ. ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಹಚ್ಚದೆ ತಲೆಸ್ನಾನವೇ ಇಲ್ಲ ಅಲ್ವಾ? ಅಂಟಿಸುವ ಮೂರು ದಿನ ಮೊದಲೇ ಎಣ್ಣೆ ನಿಲ್ಲಿಸಿ. ದಿಂಬಿನ ಕವರ್ ಕೂಡ ಬದಲಿಸಿ, ಅದರಲ್ಲಿ ಕೂತ ಹಳೇ ಎಣ್ಣೆ ರಾತ್ರಿಯಿಡೀ ತಲೆಗೆ ಹತ್ತುತ್ತಿರುತ್ತದೆ. ಪ್ಯಾಚ್ ಕೂರುವ ಜಾಗದ ಕೂದಲನ್ನು ಟ್ರಿಮ್ಮರಿನಲ್ಲಿ ಸೊನ್ನೆಗೆ ತೆಗೆಯಿರಿ. ಬ್ಲೇಡ್ ಹಾಕಿದರೆ ಸಣ್ಣ ಗಾಯವಾಗುವ ಭಯ, ಆಮೇಲೆ ಆಲ್ಕೋಹಾಲ್ ತಾಗಿದರೆ ಉರಿ. ತಲೆಯನ್ನು ಕಂಡಿಷನರ್ ಇಲ್ಲದೆ ಬರೀ ಶಾಂಪೂವಿನಲ್ಲಿ ಎರಡು ಸಲ ತೊಳೆಯಿರಿ. ಬಚ್ಚಲ ಹಂಡೆಯ ಸುಡುನೀರಿನಲ್ಲಿ ಮಿಂದು ಬಂದರೆ ತಲೆ ಅರ್ಧ ಗಂಟೆ ಬೆವರುತ್ತಲೇ ಇರುತ್ತದೆ, ಅದಕ್ಕೆ ಕೊನೆಯ ನಾಲ್ಕು ಚೊಂಬು ತಣ್ಣೀರೇ ಇರಲಿ.

ಮಿಂದ ಮೇಲೆ ಫ್ಯಾನಿನ ಕೆಳಗೆ ಕೂತುಬಿಡಿ. ಬಿಸಿ ಚಾ ಕುಡಿಯಬೇಡಿ, ಮತ್ತೆ ಬೆವರು ಬರುತ್ತದೆ. ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲ, ಹಾಗಾಗಿ ಇದ್ದಾಗಲೇ ಈ ಕೆಲಸ ಮುಗಿಸಿ. ಹೇರ್ ಡ್ರೈಯರ್ ಇದ್ದರೆ ತಣ್ಣನೆ ಗಾಳಿಗೆ ಇಡಿ. ತಲೆ ಒಣಗಿದ ಮೇಲೆ ಹತ್ತಿಯಲ್ಲಿ ಆಲ್ಕೋಹಾಲ್ ಹಾಕಿ ಅಂಚು ಪೂರ್ತಿ ಒರೆಸಿ. ಹತ್ತಿ ಹಳದಿಯಾದರೆ ಹೊಸ ಹತ್ತಿ ತೆಗೆದುಕೊಂಡು ಮತ್ತೆ ಒರೆಸಿ. ಆಮೇಲೆ ಒಂದು ಟಿಶ್ಯೂ ಪೇಪರನ್ನು ನೆತ್ತಿಗೆ ಒತ್ತಿ, ಬೆಳಕಿಗೆ ಹಿಡಿದು ನೋಡಿ. ಪಾರದರ್ಶಕ ಚುಕ್ಕೆ ಕಂಡರೆ ಎಣ್ಣೆ ಇನ್ನೂ ಇದೆ ಅಂತ ಅರ್ಥ. ಚುಕ್ಕೆ ಬಾರದಿದ್ದರೆ ಮಾತ್ರ ಸ್ಕಾಲ್ಪ್ ಪ್ರೊಟೆಕ್ಟರ್ ತೆಳ್ಳಗೆ ಹಚ್ಚಿ ಒಣಗಲು ಬಿಡಿ. ಇದು ಚರ್ಮಕ್ಕೂ ಅಂಟಿಗೂ ನಡುವೆ ಒಂದು ಪದರ, ಬೆವರನ್ನೂ ಸ್ವಲ್ಪ ತಡೆಯುತ್ತದೆ. ಆಲ್ಕೋಹಾಲ್, ರಿಮೂವರ್ ಎರಡಕ್ಕೂ ಬೆಂಕಿ ಬೇಗ ಹತ್ತುತ್ತದೆ. ಗ್ಯಾಸ್ ಒಲೆ, ದೇವರ ದೀಪ, ಸೊಳ್ಳೆ ಬತ್ತಿ ಇರುವ ಕೋಣೆಯಲ್ಲಿ ಕೂರಬೇಡಿ. ಕಿಟಕಿ ತೆರೆದಿರಲಿ.

ಮುಂಗೂದಲ ಗೆರೆ ಎಲ್ಲಿಂದ ಶುರುವಾಗಬೇಕು ಎನ್ನುವುದರಲ್ಲೇ ನೋಡುವವರಿಗೆ ಗೊತ್ತಾಗುವುದು, ಗೊತ್ತಾಗದಿರುವುದು ಇದೆ. ಹುಬ್ಬಿನ ಮೇಲೆ ನಾಲ್ಕು ಬೆರಳು ಅಡ್ಡ ಇಟ್ಟು ಅಲ್ಲಿ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡಿ. ಅದಕ್ಕಿಂತ ಕೆಳಗೆ ತಂದರೆ ಎಳೆ ಹುಡುಗನ ಹಣೆ ದೊಡ್ಡವರ ಮುಖಕ್ಕೆ ಬಂದ ಹಾಗಿರುತ್ತದೆ. ವಯಸ್ಸು ನಲವತ್ತು ದಾಟಿದ್ದರೆ ಇನ್ನೂ ಸ್ವಲ್ಪ ಮೇಲಿರಲಿ, ಎರಡು ಕಡೆ ಮೂಲೆ ಕೊಂಚ ಒಳಗೆ ಹೋಗಲಿ. ಅಂಟು ಹಾಕದೆ ಪ್ಯಾಚನ್ನು ಸುಮ್ನೆ ತಲೆಯ ಮೇಲಿಟ್ಟು, ಮೂಗಿನ ನೇರಕ್ಕೆ ನಡುಭಾಗ ಬಂದಿದೆಯಾ ನೋಡಿ, ಸುತ್ತ ಗೆರೆ ಎಳೆದುಕೊಳ್ಳಿ.

ಮೊದಲ ಸಲಕ್ಕೆ ಟೇಪೇ ಸರಿ. ಟೇಪನ್ನು ಸಣ್ಣ ಸಣ್ಣ ತುಂಡು ಮಾಡಿ ಪ್ಯಾಚಿನ ಒಳಗಡೆ ಅಂಚಿನುದ್ದಕ್ಕೂ ಅಂಟಿಸಿ. ಒಂದರ ಮೇಲೊಂದು ಬರಬಾರದು. ಬದಿಯಲ್ಲಿ, ಹಿಂದೆ ತುಂಡುಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟರೆ ಬೆವರಿಗೆ ದಾರಿ ಸಿಗುತ್ತದೆ. ಮುಂದೆ ಮಾತ್ರ ಹೊಳೆಯದ ಟೇಪ್ ಬಳಸಿ, ಇಲ್ಲದಿದ್ದರೆ ಬಿಸಿಲಿಗೆ ಲೇಸಿನ ಕೆಳಗೆ ಮಿಂಚುವುದು ಎದುರಿನವರಿಗೆ ಕಾಣುತ್ತದೆ. ಬೆರಳಿನಲ್ಲಿ ಒತ್ತಿ ಬೆಚ್ಚಗಾಗಿಸಿ, ಆಮೇಲೆ ಮೇಲಿನ ಕಾಗದ ತೆಗೆಯಿರಿ.

ಗಮ್ ಆದರೆ ತಾಳ್ಮೆ ಜಾಸ್ತಿ ಬೇಕು. ಘೋಸ್ಟ್ ಬಾಂಡ್ ಥರದ ನೀರಿನ ಗಮ್ ಹಚ್ಚುವಾಗ ಬೆಳ್ಳಗಿರುತ್ತದೆ, ಒಣಗಿದ ಮೇಲೆ ಪಾರದರ್ಶಕವಾಗುತ್ತದೆ. ಲೇಸಿಗೆ ಹಚ್ಚದೆ ನೆತ್ತಿಗೆ ಹಚ್ಚಿ, ಪದರ ಕಾಗದದಷ್ಟು ತೆಳುವಾಗಿರಲಿ. ಪೂರ್ತಿ ಬಿಳಿ ಹೋದ ಮೇಲೇ ಎರಡನೆಯದು, ಆಮೇಲೆ ಮೂರನೆಯದು. ಒಣಹವೆಯಲ್ಲಿ ಒಂದು ಪದರಕ್ಕೆ ನಾಲ್ಕೈದು ನಿಮಿಷ ಸಾಕು. ಜುಲೈನಲ್ಲಿ ಕಾರವಾರದಲ್ಲಿ ಅದರ ಎರಡರಷ್ಟು ಕಾದರೂ ತಪ್ಪಿಲ್ಲ, ಗಾಳಿಯಲ್ಲೇ ನೀರು ತುಂಬಿರುವಾಗ ಗಮ್ಮಿನ ನೀರು ಹೋಗುವುದು ನಿಧಾನ. ಗಡಿಬಿಡಿ ಮಾಡಿದರೆ ಲೇಸಿನ ತೂತಿನಿಂದ ಗಮ್ ಮೇಲೆ ಬಂದು ಕೂದಲ ಬುಡಕ್ಕೆ ಹತ್ತಿಕೊಳ್ಳುತ್ತದೆ, ಆಮೇಲೆ ಬಿಡಿಸುವುದು ತುಂಬಾ ಕಷ್ಟ.

ಕೂರಿಸುವಾಗ ಪ್ಯಾಚಿನ ಕೂದಲನ್ನು ಒದ್ದೆ ಮಾಡದೆ ಹಿಂದಕ್ಕೆ ಕ್ಲಿಪ್ ಹಾಕಿ. ಮೊದಲು ಹಣೆಯ ಚುಕ್ಕೆಗೆ ಮುಂದಿನ ಅಂಚಿನ ನಡುಭಾಗ ಮಾತ್ರ ತಾಗಿಸಿ. ಅಲ್ಲಿಂದ ಎಡಕ್ಕೆ, ಬಲಕ್ಕೆ ಗೆರೆ ಹಿಡಿದು ಹೋಗಿ, ಕೊನೆಗೆ ಹಿಂದಕ್ಕೆ ಮಗುಚುತ್ತಾ ಬನ್ನಿ. ಎಳೆದು ಕೂರಿಸಬೇಡಿ, ಎಳೆದ ಲೇಸ್ ಎರಡು ದಿನದಲ್ಲಿ ಅಂಚಿನಿಂದ ಏಳುತ್ತದೆ. ಬಾಚಣಿಗೆಯ ಬಾಲದಿಂದ ಅಂಚನ್ನು ಇಂಚಿಂಚೇ ಒತ್ತಿ. ತೆಳು ಹತ್ತಿ ಬಟ್ಟೆಯನ್ನು ಹದಿನೈದು ನಿಮಿಷ ಬಿಗಿಯಾಗಿ ಕಟ್ಟಿಕೊಳ್ಳಿ. 24 ಗಂಟೆ ತಲೆಗೆ ನೀರು ಬೇಡ, ಹೆಲ್ಮೆಟ್ ಬೇಡ, ಓಟವೂ ಬೇಡ. ಸ್ಕೂಟರ್ ಇಲ್ಲದೆ ಆಗುವುದಿಲ್ಲ ಅನ್ನುವವರು ಶನಿವಾರ ಸಂಜೆ ಅಂಟಿಸಿ ಭಾನುವಾರ ಮನೆಯಲ್ಲಿರಿ. ಬದಿಯ ಕೂದಲಿಗೆ ಹೊಂದಿಸಿ ಕತ್ತರಿಸುವುದನ್ನು ನಿಮ್ಮ ಮಾಮೂಲಿ ಕ್ಷೌರದವರಿಗೇ ಬಿಡಿ. ಅವರಿಗೆ ವಿಷಯ ಮೊದಲೇ ಹೇಳಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನೆತ್ತಿಯಲ್ಲಿ ಕೂದಲು ತೆಳುವಾದ ಹೆಂಗಸರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಕ್ಲಿಪ್ ಇರುವ ಟಾಪರ್ (ನೆತ್ತಿಗೆ ಸಿಕ್ಕಿಸುವ ಕೂದಲಿನ ತುಂಡು) ಸಾಕು, ಬೋಳಿಸುವುದೂ ಬೇಡ, ಅಂಟೂ ಬೇಡ. ರಾತ್ರಿ ತೆಗೆದಿಡಿ, ಕ್ಲಿಪ್ಪಿನ ಜಾಗ ಆಗಾಗ ಬದಲಿಸಿ, ಇಲ್ಲದಿದ್ದರೆ ಇರುವ ಕೂದಲೂ ಬುಡಸಮೇತ ಬರುತ್ತದೆ.

ಸಮುದ್ರಕ್ಕೆ ಇಳಿಯಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಇಳಿಯಬಹುದು, ಹೊಸದಾಗಿ ಅಂಟಿಸಿದ ಮೊದಲ ದಿನ ಬಿಟ್ಟು. ಬಂದ ಕೂಡಲೇ ಸಿಹಿನೀರಿನಲ್ಲಿ ಉಪ್ಪು ಹೋಗುವವರೆಗೆ ತೊಳೆದು, ಉಜ್ಜದೆ ಟವೆಲಿನಲ್ಲಿ ಒತ್ತಿ ಒರೆಸಿ. ಒದ್ದೆ ಪ್ಯಾಚಿನಲ್ಲಿ ಮಾತ್ರ ಮಲಗಬೇಡಿ. ವಾಸನೆ, ಕೆರೆತ ಎರಡೂ ಅಲ್ಲಿಂದಲೇ ಶುರು.

ಡಬ್ಬಿಯ ಮೇಲೆ ಎಷ್ಟೇ ವಾರ ಅಂತ ಬರೆದಿರಲಿ, ಬೇಸಿಗೆಯಲ್ಲಿ ವಾರ ಹತ್ತು ದಿನಕ್ಕೊಮ್ಮೆ ತೆಗೆಯಿರಿ. ಘಟ್ಟದ ಮೇಲೆ ಶಿರಸಿಯ ಚಳಿಗಾಲದಲ್ಲಾದರೆ ಇನ್ನೂ ಕೆಲವು ದಿನ ಬಿಡಬಹುದು. ರಿಮೂವರನ್ನು ಅಂಚಿಗೆ ಹಚ್ಚಿ ಐದು ನಿಮಿಷ ಕಾದು ನಿಧಾನ ಎತ್ತಿ. ಬರದಿದ್ದರೆ ಇನ್ನಷ್ಟು ಹಚ್ಚಿ, ಕೀಳಬೇಡಿ. ನೆತ್ತಿ ತೊಳೆದು ಒಂದು ರಾತ್ರಿ ಗಾಳಿಗೆ ಬಿಡಿ. ಕೆಂಪು, ಗುಳ್ಳೆ, ಕೀವು ಕಂಡರೆ ಚರ್ಮದ ಡಾಕ್ಟರಿಗೆ ತೋರಿಸಿ, ಅದರ ಮೇಲೆ ಮತ್ತೆ ಅಂಟಿಸಬೇಡಿ.

ಪ್ಯಾಚಿನ ಹಳೇ ಅಂಟು ಪೂರ್ತಿ ತೆಗೆದು, ಸಲ್ಫೇಟ್ ಇಲ್ಲದ ಶಾಂಪೂವಿನಲ್ಲಿ ತೊಳೆದು, ಕೂದಲಿನ ತುದಿಗೆ ಮಾತ್ರ ಕಂಡಿಷನರ್ ಹಚ್ಚಿ. ಮಗುಚಿಟ್ಟ ಪಾತ್ರೆಯ ಮೇಲೆ ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ಬಣ್ಣ ಹೋಗುತ್ತದೆ. ಮಳೆಗಾಲದಲ್ಲಿ ಇದಕ್ಕೇ ಒಂದು ದಿನ ಹಿಡಿಯುತ್ತದೆ, ಸಾಧ್ಯವಿದ್ದರೆ ಎರಡು ಪ್ಯಾಚ್ ಇಟ್ಟುಕೊಳ್ಳಿ. ಒಣಗಿದ್ದನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ, ಹೊರಗಿಟ್ಟರೆ ಬೂಷ್ಟು ಹಿಡಿಯುತ್ತದೆ.